ಚಹಾಚಾರ್ಯ ಲು ಯು: ಪಾತ್ರೆಗಳಿಗೆ ನೆಲೆ ಕೊಟ್ಟ ಅನಾಥ

ಪಾತ್ರವೆಂಬ ಶಬ್ದಕ್ಕೆ ನಮ್ಮ ನಿಘಂಟುಗಳಲ್ಲಿ ಹಲವು ಅರ್ಥಗಳುಂಟು. ಎರಡು ದಡಗಳ ನಡುವೆ ನದಿಯು ಹರಿಯುವ ಎಡೆಯು ಪಾತ್ರ. ರಂಗದ ಮೇಲೆ ನಟನು ತಾಳುವ ವೇಷವು ಪಾತ್ರ. ಉಣ್ಣಲು, ಕುಡಿಯಲು, ತುಂಬಿಡಲು ಬಳಸುವ ಭಾಂಡವು ಪಾತ್ರ. ದಾನವನ್ನು ಕೈಕೊಳ್ಳಲು ಯೋಗ್ಯನಾದ ಪುರುಷನೂ ಪಾತ್ರನೇ. ಈ ನಾಲ್ಕು ಅರ್ಥಗಳೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ಕೂಡಿಬರುವುದು ವಿರಳ. ನೀರಿನ ದಡದಲ್ಲಿ ದೊರೆತು, ವಿಹಾರದ ತೊತ್ತಾಗಿ ಬೆಳೆದು, ವಿದೂಷಕನ ವೇಷ ತೊಟ್ಟು, ಬಲ್ಲವರ ದಾನಕ್ಕೆ ಯೋಗ್ಯನೆನಿಸಿ, ಕಡೆಗೆ ಚಹಾ ಪಾತ್ರೆಗಳ ಶಾಸ್ತ್ರವನ್ನೇ ರಚಿಸಿದ ಒಬ್ಬ ಮಹನೀಯನು ಕ್ರಿಸ್ತಶಕ ಎಂಟನೆಯ ಶತಮಾನದ ಚೀನಾ ದೇಶದಲ್ಲಿ ಬಾಳಿದನು. ಆತನೇ ಲು ಯು.

ನಮ್ಮ ನಾಡಿನಲ್ಲಿ ಚಹಾ ಕುಡಿಯದ ಮನೆಗಳು ಇಂದು ಕಡಮೆ. ಬಡಗಣ ಸೀಮೆಯವರು ಚಹಾ ಎನ್ನುತ್ತಾರೆ, ಮೈಸೂರು ಸೀಮೆಯವರು ಟೀ ಎನ್ನುತ್ತಾರೆ. ಎರಡೂ ಚೀನಾದಿಂದಲೇ ಬಂದ ಮಾತುಗಳು. ಚಾ ಎಂಬುದು ಆ ದೇಶದ ಬಹುಭಾಗದ ಉಚ್ಚಾರ, ತೇ ಎಂಬುದು ಅದರ ಆಗ್ನೇಯ ಕರಾವಳಿಯ ಉಚ್ಚಾರ. ಆ ಮಾತನ್ನು ಪ್ರತಿದಿನ ಉಚ್ಚರಿಸುವ ನಾವು ಅದಕ್ಕೆ ಶಾಸ್ತ್ರದ ಗೌರವವನ್ನು ತಂದುಕೊಟ್ಟವನ ಚರಿತ್ರೆಯನ್ನು ಅರಿಯುವುದು ಉಚಿತವಾಗಿದೆ. ಅದಕ್ಕಿಂತ ಮಿಗಿಲಾಗಿ, ಶಿಕ್ಷಕರೂ ದಾನಿಗಳೂ ಕೂಡಿ ಓದುವ ಇಂತಹ ಸಂಪುಟದಲ್ಲಿ ಆತನ ಬಾಳನ್ನು ನೆನೆಯಲು ಬೇರೊಂದು ಕಾರಣವೂ ಇದೆ. ಅದು ಕಥೆ ಮುಂದುವರಿದಂತೆ ತಾನೇ ವಿಶದವಾಗುವುದು.

ಲು ಯು ಹುಟ್ಟಿದ್ದು ೭೩೩ರ ಸುಮಾರಿನಲ್ಲಿ, ಟಾಂಗ್ ವಂಶದ ಚಕ್ರವರ್ತಿಗಳ ಆಳ್ವಿಕೆಯಲ್ಲಿ. ಊರು ಜಿಂಗ್‌ಲಿಂಗ್, ಈಗ ಅದು ಹುಬೇ ಪ್ರಾಂತದ ಟಿಯಾನ್‌ಮೆನ್ ಎಂಬ ನಗರ. ಹೆತ್ತವರಾರೆಂಬುದು ಅವನಿಗೇ ತಿಳಿಯದು. ಮೂರರ ಹರೆಯದಲ್ಲಿ ದಿಕ್ಕಿಲ್ಲದೆ ನೀರಿನ ದಡದಲ್ಲಿದ್ದ ಕೂಸನ್ನು ಝಿಜಿ ಎಂಬ ಬೌದ್ಧ ಗುರುವು ಕಂಡು ತನ್ನ ವಿಹಾರಕ್ಕೆ ಎತ್ತಿಕೊಂಡು ಬಂದನು. ಕುಲವಿಲ್ಲದ ಮಗುವಿಗೆ ಹೆಸರಾದರೂ ಎಲ್ಲಿಂದ ಬರಬೇಕು? ಪ್ರಾಚೀನವಾದ ಪರಿವರ್ತನ ಗ್ರಂಥವನ್ನು ತೆರೆದು ಶಕುನ ನೋಡಲಾಯಿತು. ಕಾಡುಬಾತು ಮೆಲ್ಲಮೆಲ್ಲನೆ ನೆಲಕ್ಕಿಳಿಯುವ, ಅದರ ಗರಿಗಳು ಪೂಜಾವಿಧಿಗೆ ಸಲ್ಲುವ ಪ್ರಸಂಗವು ಅಲ್ಲಿ ಒದಗಿತು. ಅದರಿಂದ ನೆಲವೆಂಬ ಅರ್ಥದ ಲು ಎಂಬುದು ಕುಲನಾಮವಾಯಿತು, ಗರಿಯೆಂಬ ಅರ್ಥದ ಯು ಎಂಬುದು ಅಂಕಿತನಾಮವಾಯಿತು. ದಂಡೆಗೆ ಬಂದು ಬಿದ್ದವನಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯಲಾರದು.

ಒಂಬತ್ತನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸ ತೊಡಗಿತು. ಗುರುವಿನ ಅಪೇಕ್ಷೆ ಹುಡುಗನು ಬೌದ್ಧಾಗಮಗಳನ್ನು ಓದಿ ಭಿಕ್ಷುವಾಗಲಿ ಎಂಬುದು. ಹುಡುಗನ ಮನಸ್ಸು ಕನ್‌ಫ್ಯೂಷಿಯಸ್ ಋಷಿಯ ಗ್ರಂಥಗಳಲ್ಲಿತ್ತು. ಒಡಹುಟ್ಟಿದವರಿಲ್ಲದವನು ಸಂತಾನವನ್ನೂ ತೊರೆದುಬಿಟ್ಟರೆ ಪಿತೃಋಣವನ್ನು ತೀರಿಸಿದಂತಾಗುವುದೇ ಎಂದು ಆ ಎಳೆಯನು ಪ್ರಶ್ನೆ ಹಾಕಿದನು. ತಂದೆಯನ್ನೇ ಕಾಣದವನ ಬಾಯಲ್ಲಿ ಪಿತೃಭಕ್ತಿಯ ಮಾತು ಬಂದುದನ್ನು ಕೇಳಿದರೆ ಇಂದಿಗೂ ಎದೆ ಕರಗುತ್ತದೆ. ಗುರುವು ಕರಗಲಿಲ್ಲ, ಹಟವನ್ನು ಮುರಿಯಲೆಂದು ಕೀಳು ಕೆಲಸಗಳಿಗೆ ಹಚ್ಚಿದನು. ವಿಹಾರದ ನೆಲ ಗುಡಿಸುವುದು, ಶೌಚಗೃಹ ತೊಳೆಯುವುದು, ಮಣ್ಣು ತುಳಿದು ಗೋಡೆಗೆ ಮೆತ್ತುವುದು, ಹೆಂಚು ಹೊರುವುದು, ಮೂವತ್ತು ದನಗಳನ್ನು ಮೇಯಿಸುವುದು, ಇವು ಆತನ ನಿತ್ಯವಿಧಿಗಳಾದವು. ಕಾಗದವಿಲ್ಲದ ಹುಡುಗನು ಬಿದಿರ ಕಡ್ಡಿಯಿಂದ ದನದ ಬೆನ್ನಿನ ಮೇಲೆ ಅಕ್ಷರಗಳನ್ನು ಗೀಚಿ ಕಲಿತನು.

ಒಮ್ಮೆ ಯಾರೋ ವಿದ್ಯಾವಂತರಿಂದ ಜಾಂಗ್ ಹೆಂಗ್ ಎಂಬ ಪೂರ್ವಕವಿಯ ಕಾವ್ಯವೊಂದು ಕೈಗೆ ಬಂದಿತು. ಅದರ ಅಕ್ಷರಗಳು ಅವನಿಗೆ ತಿಳಿಯವು. ಆದರೂ ಹುಲ್ಲುಗಾವಲಿನಲ್ಲಿ ಶಾಲೆಯ ಮಕ್ಕಳಂತೆ ನೆಟ್ಟಗೆ ಕುಳಿತು, ಸುರುಳಿಯನ್ನು ಬಿಚ್ಚಿಟ್ಟು, ಓದುತ್ತಿರುವವನ ಹಾಗೆ ಬರಿದೆ ತುಟಿಯಾಡಿಸುತ್ತಿದ್ದನಂತೆ. ಈ ಸಂಗತಿಯನ್ನು ಅವನೇ ತನ್ನ ಇಪ್ಪತ್ತೊಂಬತ್ತನೆಯ ವರ್ಷದಲ್ಲಿ ಬರೆದ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಅದು ಗುರುವಿಗೆ ತಿಳಿದು, ಹುಡುಗನು ಪರಮತದ ಗ್ರಂಥಗಳಿಗೆ ಮರುಳಾಗುವನೆಂದು ಶಂಕಿಸಿ ಅವನನ್ನು ವಿಹಾರದೊಳಗೇ ಇರಿಸಿ ಕಳೆ ಕೀಳುವ ಕೆಲಸಕ್ಕೆ ನೇಮಿಸಿದನು. ಓದಿದ್ದನ್ನು ಮನಸ್ಸಿನಲ್ಲಿ ಮರುಕಳಿಸಿಕೊಳ್ಳುತ್ತ ಮೈಮರೆತು ನಿಂತ ಹುಡುಗನನ್ನು ಮೇಲ್ವಿಚಾರಕನು ಸೋಮಾರಿಯೆಂದು ಬಗೆದು ಹೊಡೆದನು. ವರ್ಷಗಳು ಹೀಗೆಯೇ ಸಂದುಹೋದರೆ ವಿದ್ಯೆಯೆಂತು ಬಂದೀತು ಎಂದು ಅವನು ಬಿಕ್ಕಿ ಅತ್ತರೆ, ಹಗೆ ಸಾಧಿಸುತ್ತಿರುವನೆಂದು ಬಗೆದು ಬೆನ್ನಿನ ಮೇಲೆ ಬೆತ್ತ ಮುರಿಯುವ ತನಕ ಹೊಡೆಯಲಾಯಿತು. ಮುರಿದುದು ಬೆತ್ತ, ಹುಡುಗನ ಜ್ಞಾನದಾಹವಲ್ಲ.

ಬಟ್ಟೆಗಳನ್ನು ಸುತ್ತಿಕೊಂಡು ಲು ಯು ವಿಹಾರದಿಂದ ಓಡಿಹೋಗಿ ನಾಟಕದವರ ಮೇಳವನ್ನು ಸೇರಿದನು. ಮುಖದಲ್ಲಿ ಚೆಲುವಿಲ್ಲ, ಮಾತಿನಲ್ಲಿ ಉಗ್ಗು. ಆದರೂ ಅವನು ಜನರನ್ನು ನಗಿಸಬಲ್ಲವನಾದನು. ಮರದ ಬೊಂಬೆ ಆಡಿಸುವುದು, ಸೋಗಿನ ಅಧಿಕಾರಿಯಾಗಿ ಕುಣಿಯುವುದು, ಮಣಿಯನ್ನು ಮಾಯಮಾಡುವುದು ಇವೆಲ್ಲ ಅವನಿಗೆ ಕೈವಶವಾದವು. ಹಾಸ್ಯ ಪ್ರಬಂಧಗಳನ್ನೂ ಬರೆದನು. ಈ ನಡುವೆ ಝಿಜಿಯು ಅವನನ್ನು ಹುಡುಕಿಕೊಂಡು ಬಂದನೆಂಬುದನ್ನು ನಾವು ಮರೆಯಬಾರದು. ಹುಡುಗನು ದಾರಿ ತಪ್ಪುತ್ತಿರುವನೆಂದು ಮರುಗಿ, ದಿನದ ಹನ್ನೆರಡು ಜಾವಗಳಲ್ಲಿ ಒಂದನ್ನು ಹೊರಗಿನ ವಿದ್ಯೆಗೆ ಕೊಡಲು ಬುದ್ಧನ ಶಾಸನದಲ್ಲಿಯೇ ಅವಕಾಶವುಂಟೆಂದು ನೆನೆದು, ಇನ್ನು ಅವನಿಗೆ ಬೇಕಾದುದನ್ನು ಓದಲಿ, ನಟರ ಕಸುಬನ್ನು ಮಾತ್ರ ಬಿಡಲಿ ಎಂದು ಒಪ್ಪಿಗೆಯಿತ್ತನು. ಶಿಷ್ಯನ ಹಟಕ್ಕೆ ಗುರುವು ಸೋತದ್ದು ಸೋಲಲ್ಲ. ಗುರುತ್ವದ ಪರಾಕಾಷ್ಠೆ ಅದೇ ಎಂದು ಹೇಳಬಹುದು.

ಜಿಂಗ್‌ಲಿಂಗಿನಲ್ಲಿ ನಡೆದ ಒಂದು ಊರ ಉತ್ಸವದಲ್ಲಿ ಲು ಯುವು ನಟರ ಮುಂದಾಳಾಗಿ ಆಟವಾಡಿಸುತ್ತಿದ್ದನು. ರಾಜಧಾನಿಯ ಪ್ರದೇಶದಿಂದ ಪದಚ್ಯುತನಾಗಿ ಅಲ್ಲಿಗೆ ಮಂಡಲಾಧಿಪತಿಯಾಗಿ ಬಂದಿದ್ದ ಲಿ ಚಿವು ಎಂಬ ಅಧಿಕಾರಿಯು ಅದನ್ನು ನೋಡಿದನು. ಬಣ್ಣ ಬಳಿದ ಮುಖದ ಹಿಂದಿನ ಮೇಧಾಶಕ್ತಿಯು ಆತನ ಕಣ್ಣಿಗೆ ಕಾಣಿಸಿತು. ಎದ್ದು ಬಂದು ಹುಡುಗನ ಕೈ ಹಿಡಿದು, ಬೆನ್ನು ತಟ್ಟಿ, ಸ್ವಹಸ್ತದಿಂದ ಕವಿತಾಸಂಗ್ರಹವನ್ನು ಕೊಟ್ಟನು. ಯಾವ ಬೆನ್ನಿನ ಮೇಲೆ ಬೆತ್ತ ಮುರಿದಿತ್ತೋ ಅದೇ ಬೆನ್ನು ಅದು. ಬಳಿಕ ಲು ಯುವು ಪುಸ್ತಕಗಳನ್ನು ಹೊತ್ತುಕೊಂಡು ಹುವೊಮೆನ್ ಬೆಟ್ಟದ ಜೊ ಎಂಬ ಗುರುವಿನ ಬಳಿಗೆ ಹೋಗಿ ಕ್ರಮವಾಗಿ ವಿದ್ಯಾಭ್ಯಾಸ ಮಾಡಿದನು.

೭೫೨ರಲ್ಲಿ ಚುಯಿ ಗುವೊಫು ಎಂಬ ಕವಿಯು, ಅವನೂ ರಾಜಧಾನಿಯಲ್ಲಿ ಪದವಿ ಕಳೆದುಕೊಂಡವನೇ, ಜಿಂಗ್‌ಲಿಂಗಿಗೆ ಬಂದನು. ವಯಸ್ಸಿನ, ಅಂತಸ್ತಿನ ಭೇದವನ್ನೆಣಿಸದೆ ಆತನು ಈ ತರುಣನೊಡನೆ ಮೂರು ವರ್ಷ ಸ್ನೇಹದಿಂದಿದ್ದನು. ಇಬ್ಬರೂ ಬೆಟ್ಟ ಹೊಳೆಗಳಲ್ಲಿ ತಿರುಗಿ ಚಹಾದ, ನೀರಿನ ಗುಣತಾರತಮ್ಯವನ್ನು ಪರೀಕ್ಷಿಸುತ್ತಿದ್ದರು. ಅಗಲುವಾಗ ಕವಿಯು ಮೂರು ವಸ್ತುಗಳನ್ನು ಉಡುಗೊರೆಯಾಗಿ ಇತ್ತನು: ಒಂದು ಬಿಳಿಯ ಕತ್ತೆ, ಒಂದು ಕರಿಯ ಹಿಣಿಲಿನ ಎತ್ತು, ಮರದ ನೆರಿಗೆಗಳು ಚಿತ್ರದಂತೆ ತೋರುವ ಒಂದು ಪುಸ್ತಕದ ಪೆಟ್ಟಿಗೆ. ಆ ಪೆಟ್ಟಿಗೆಯು ಕವಿಗೆ ಬೇರೊಬ್ಬ ಹಿರಿಯ ಅಧಿಕಾರಿಯಿಂದ ಬಂದದ್ದು. ಅಧಿಕಾರಿಯು ಆಗಲೇ ತೀರಿಕೊಂಡಿದ್ದನು. ತನಗೆ ಬೇಡವಾದುದನ್ನಲ್ಲ, ತಾನು ಅಕ್ಕರೆಯಿಂದ ಕಾಪಾಡಿಕೊಂಡು ಬಂದುದನ್ನೇ ಆತನು ಕೊಟ್ಟನು. ಹೆಸರನ್ನು ಕೂಡ ಶಕುನದಿಂದ ಪಡೆಯಬೇಕಾಗಿದ್ದ ಅನಾಥನ ಕೈಗೆ ವಂಶಪರಂಪರೆಯಂತೆ ಕೈಯಿಂದ ಕೈಗೆ ಬಂದ ವಸ್ತುವೊಂದು ಮೊದಲ ಬಾರಿಗೆ ಸೇರಿತು. ಆ ಮರದ ಪೆಟ್ಟಿಗೆಯನ್ನು ವಾಚಕರು ಜ್ಞಾಪಕದಲ್ಲಿಡಬೇಕು.

೭೫೫ರಲ್ಲಿ ಆನ್ ಲುಷಾನ್ ಎಂಬ ಸೇನಾಧಿಪತಿಯು ಚಕ್ರವರ್ತಿಯ ಮೇಲೆ ದಂಗೆಯೆದ್ದನು. ರಾಜಧಾನಿ ಬಿದ್ದಿತು, ಉತ್ತರದ ಜನರು ಗುಂಪುಗುಂಪಾಗಿ ಯಾಂಗ್‌ತ್ಸೆ ಮಹಾನದಿಯನ್ನು ದಾಟಿ ದಕ್ಷಿಣಕ್ಕೆ ಓಡಿಬಂದರು. ಲು ಯುವೂ ಅವರೊಡನೆ ನದಿಯನ್ನು ದಾಟಿದನು. ೭೬೦ರ ಸುಮಾರಿನಲ್ಲಿ ಈಗಿನ ಜೆಜಿಯಾಂಗ್ ಪ್ರಾಂತದ ಹುಜೌ ಎಂಬಲ್ಲಿ, ತಿಯಾವೊ ಹೊಳೆಯ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡು ನೆಲಸಿದನು. ಜಿಯಾವೊರಾನ್ ಎಂಬ ಭಿಕ್ಷುಕವಿಯು ಆತನ ಜೀವದ ಗೆಳೆಯನಾದನು. ತಲೆಗೆ ತೆಳುವಸ್ತ್ರ, ಕಾಲಿಗೆ ಬಳ್ಳಿಯ ಕೆರ, ಮೈಗೆ ಒರಟು ಬಟ್ಟೆ, ಇಷ್ಟೇ ಆತನ ಸಂಪತ್ತು. ಚಿಕ್ಕ ದೋಣಿಯಲ್ಲಿ ಬೆಟ್ಟದ ವಿಹಾರಗಳಿಗೆ ಹೋಗುವನು. ಕಾಡಿನಲ್ಲಿ ಒಬ್ಬನೇ ತಿರುಗುತ್ತ ಮರಗಳಿಗೆ ಕೋಲು ತಟ್ಟುವನು, ಹರಿಯುವ ನೀರಲ್ಲಿ ಕೈಯಾಡಿಸುವನು, ಕತ್ತಲಾದ ಮೇಲೆ ಅಳುತ್ತ ಮನೆಗೆ ಮರಳುವನು. ಆಗಲೇ ಬರೆದಿಟ್ಟಿದ್ದ ತನ್ನ ಹಲವು ಗ್ರಂಥಗಳನ್ನು ಕಂದು ಬಣ್ಣದ ಒಂದು ಬಟ್ಟೆಯ ಚೀಲದಲ್ಲಿ ತುಂಬಿಟ್ಟಿದ್ದನು. ಅವುಗಳಲ್ಲಿ ಮೂರು ಸಂಪುಟಗಳ ಚಾ ಜಿಂಗ್ ಒಂದು. ಚಹಾಶಾಸ್ತ್ರವೆಂದೇ ಅದರ ಅರ್ಥ. ಮುಂದೆ ಹಲವು ವರ್ಷ ಅದನ್ನು ತಿದ್ದುತ್ತ ಬಂದು ೭೮೦ರ ಸುಮಾರಿಗೆ ಪೂರ್ಣರೂಪಕ್ಕೆ ತಂದನೆಂದು ವಿದ್ವಾಂಸರು ಹೇಳುತ್ತಾರೆ.

ಹತ್ತು ಅಧ್ಯಾಯಗಳ ಈ ಗ್ರಂಥವು ಸುಮಾರು ೭೦೦೦ ಅಕ್ಷರಗಳಷ್ಟು ಚಿಕ್ಕದು. ಗಿಡದ ಹುಟ್ಟು, ಎಲೆ ಕೀಳುವ ಸಾಧನಗಳು, ಚಹಾ ತಯಾರಿಕೆ, ಕುದಿಸುವ ಬಗೆ, ಕುಡಿಯುವ ಬಗೆ, ಹಿಂದಿನವರ ಚರಿತ್ರೆ, ಬೆಳೆಯುವ ನಾಡುಗಳು ಎಲ್ಲವೂ ಅದರಲ್ಲಿ ಅಡಕವಾಗಿವೆ. ಅಂದಿನ ಚಹಾ ಇಂದಿನಂತೆ ಎಲೆಯ ಪುಡಿಯಲ್ಲ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆಯಾಗಿ ಒತ್ತಿ ಒಣಗಿಸುತ್ತಿದ್ದರು. ಕುಡಿಯುವಾಗ ಬಿಲ್ಲೆಯನ್ನು ಬೆಂಕಿಯಲ್ಲಿ ಸುಟ್ಟು, ಅರೆದು, ಜರಡಿ ಹಿಡಿದು, ಚಿಟಿಕೆ ಉಪ್ಪಿನೊಡನೆ ಕುದಿಸಬೇಕಾಗಿತ್ತು. ಶುಂಠಿ, ಈರುಳ್ಳಿ ಸೊಪ್ಪು, ಹಣ್ಣಿನ ಸಿಪ್ಪೆ ಮುಂತಾದವನ್ನು ಬೆರಸಿ ಕುದಿಸುವ ರೂಢಿಯನ್ನು ಲು ಯುವು ಕಟುವಾಗಿ ಖಂಡಿಸಿದನು. ಇಷ್ಟು ಕೆಲಸಕ್ಕೆ ಉಪಕರಣಗಳೂ ಅಷ್ಟೇ ಬೇಕು. ಒಲೆ, ಇದ್ದಲು ಬುಟ್ಟಿ, ಇಕ್ಕಳ, ಕಡಾಯಿ, ಅರೆಯುವ ಗಾಲಿ, ಜರಡಿ, ಅಳತೆಯ ಚಮಚ, ನೀರ ತೊಟ್ಟಿ, ನೀರು ಸೋಸುವ ಚೀಲ, ಸೋರೆಯ ಸವಟು, ಉಪ್ಪಿನ ಭರಣಿ, ಬಟ್ಟಲುಗಳು, ಕುಂಚ, ಒರಸುವ ಬಟ್ಟೆ, ಹೀಗೆ ಇಪ್ಪತ್ತನಾಲ್ಕು ಉಪಕರಣಗಳನ್ನು ನಾಲ್ಕನೆಯ ಅಧ್ಯಾಯದಲ್ಲಿ ಒಂದೊಂದಾಗಿ ಅಳತೆ ಸಹಿತ ವರ್ಣಿಸಿದನು. ಒಲೆಯ ಒಂದು ಕಾಲಿನ ಮೇಲೆ, ದಂಗೆಯು ಅಡಗಿದ ಮರುವರ್ಷ ಅದನ್ನು ಎರಕ ಹೊಯ್ದುದಾಗಿ ಬರೆಯಿಸಿದನು. ನಿರಾಶ್ರಿತನಾಗಿ ನದಿ ದಾಟಿದವನಿಗೆ ಶಾಂತಿಯ ಬೆಲೆ ಗೊತ್ತಿತ್ತು.

ಈ ಅಧ್ಯಾಯದ ಕಡೆಯಲ್ಲಿ ಬರುವ ಎರಡು ವಸ್ತುಗಳೇ ನಮ್ಮ ವಿಶೇಷ ಗಮನಕ್ಕೆ ಪಾತ್ರವಾದವು. ಒಂದರ ಹೆಸರು ಜು ಲಿಯೆ. ಅದು ಮರದಿಂದಲೋ ಬಿದಿರಿನಿಂದಲೋ ಮಾಡಿದ, ಹಳದಿ ಕಪ್ಪು ಬಣ್ಣದ ಮೆರುಗೆಣ್ಣೆ ಬಳಿದ, ಮುಚ್ಚಿ ಭದ್ರಪಡಿಸಬಹುದಾದ ಗೂಡು. ಉದ್ದ ಮೂರು ಅಡಿ, ಅಗಲ ಎರಡು ಅಡಿ, ಎತ್ತರ ಆರು ಅಂಗುಲ. ಅಂದಿನ ಚೀನೀ ಅಡಿಯು ನಮ್ಮ ಅಡಿಗೆ ಹೆಚ್ಚು ಕಡಮೆ ಸಮ, ಹತ್ತು ಅಂಗುಲಕ್ಕೆ ಒಂದು ಅಡಿ. ಎಲ್ಲ ಉಪಕರಣಗಳನ್ನು ಒಟ್ಟುಗೂಡಿಸಿ ಇಡುವುದೂ, ಅತಿಥಿಯ ಮುಂದೆ ಸಾಲಾಗಿ ತೋರುವುದೂ ಅದರ ಪ್ರಯೋಜನ. ಇನ್ನೊಂದು ದು ಲಾನ್ ಎಂಬ ಬಿದಿರಿನ ದೊಡ್ಡ ಬುಟ್ಟಿ. ಹೊರಗೆ ಹೊರಟಾಗ ಸಕಲವನ್ನೂ ಅದರಲ್ಲಿ ತುಂಬಬಹುದು. ಇವಲ್ಲದೆ ಜರಡಿ ಹಿಡಿದ ಪುಡಿಯನ್ನಿಡಲು, ತೆಳುವಾದ ಮರವನ್ನು ಬಗ್ಗಿಸಿ ಮೆರುಗೆಣ್ಣೆ ಹಚ್ಚಿದ, ಮೂರಂಗುಲ ಎತ್ತರದ ಮುಚ್ಚಳದ ಭರಣಿಯನ್ನು ಹೇಳಿದ್ದಾನೆ. ನೀರ ತೊಟ್ಟಿಯ ಮರದ ಸಂದುಗಳಿಗೂ ಒಳಗೆ ಹೊರಗೆ ಅದೇ ಲೇಪವಾಗಬೇಕು.

ಮೆರುಗೆಣ್ಣೆಯೆಂದೊಡನೆ ನಮ್ಮವರಿಗೆ ಚನ್ನಪಟ್ಟಣದ ಬೊಂಬೆಗಳ ಅರಗು ನೆನಪಿಗೆ ಬರುವುದು ಸಹಜ. ಆದರೆ ಇವೆರಡೂ ಬೇರೆ. ನಮ್ಮ ಅರಗು ಕೀಟದಿಂದ ಹುಟ್ಟಿದ್ದು. ಚೀನಾದ ಮೆರುಗು ಒಂದು ಜಾತಿಯ ಮರದ ತೊಗಟೆಯನ್ನು ಗೀರಿ ಹನಿಹನಿಯಾಗಿ ಸಂಗ್ರಹಿಸಿದ ರಸ. ಹಸಿಯ ರಸ ಮೈಗೆ ತಾಗಿದರೆ ಚರ್ಮ ಉರಿದು ಬೊಬ್ಬೆಯೇಳುತ್ತದೆ. ಇದು ಬಿಸಿಲಿಗೆ ಒಣಗುವ ಪದಾರ್ಥವಲ್ಲ. ಬೆಚ್ಚಗಿನ, ತೇವವಾದ ಗಾಳಿಯಲ್ಲಿ ಮಾತ್ರ ಗಟ್ಟಿಯಾಗುವುದು ಇದರ ವೈಚಿತ್ರ್ಯ. ಒಂದು ತೆಳುವಾದ ಲೇಪ ಗಟ್ಟಿಯಾದ ಮೇಲೆ ಅದನ್ನು ಉಜ್ಜಿ ನುಣುಪು ಮಾಡಿ ಇನ್ನೊಂದು ಲೇಪ, ಅದರ ಮೇಲೆ ಮತ್ತೊಂದು, ಹೀಗೆ ಬಹುದಿನಗಳ ತಾಳ್ಮೆ ಬೇಕು. ಗಟ್ಟಿಯಾದ ಮೇಲಾದರೋ ನೀರು ಇಳಿಯದು, ಹುಳು ಕೊರೆಯದು, ಬಿಸಿಗೆ ಬಿರಿಯದು. ಆರು ಸಾವಿರ ವರ್ಷಗಳಿಗೂ ಹಿಂದಿನ ಕೆಂಪು ಮೆರುಗಿನ ಮರದ ಬಟ್ಟಲೊಂದು ಲು ಯು ನೆಲಸಿದ್ದ ಅದೇ ಪ್ರಾಂತದ ಹೆಮುದು ಎಂಬಲ್ಲಿ ಭೂಮಿಯೊಳಗಿಂದ ದೊರೆತಿದೆ. ಹಬೆ, ಬಿಸಿನೀರು, ಬೂದಿಗಳ ನಡುವೆ ಇರಬೇಕಾದ ಪಾತ್ರೆಗಳ ಪೆಟ್ಟಿಗೆಗೆ ಈ ಲೇಪವೇ ತಕ್ಕುದೆಂದು ಲು ಯುವು ವಿಧಿಸಿದ್ದು ಬರಿಯ ಅಂದಕ್ಕಾಗಿ ಅಲ್ಲವೆಂಬುದು ಸ್ಪಷ್ಟ.

ಪಾತ್ರೆಗಳಿಗೆ ಇಂತಹ ಕಟ್ಟುನಿಟ್ಟು ಏಕೆ ಎಂದು ಕೇಳಬಹುದು. ಉತ್ತರವನ್ನು ಆತನೇ ಒಂಬತ್ತನೆಯ ಅಧ್ಯಾಯದಲ್ಲಿ ಇಟ್ಟಿದ್ದಾನೆ. ಪೈನ್ ಮರಗಳ ಕಾಡಿನಲ್ಲಿ ಕೂರಲು ಬಂಡೆಯಿದ್ದರೆ ಜು ಲಿಯೆ ಬೇಡ. ಬಂಡೆಯ ಮೇಲೆಯೇ ಪಾತ್ರೆಗಳನ್ನಿಡಬಹುದು. ಹೊಳೆಯ ಪಕ್ಕದಲ್ಲಿದ್ದರೆ ನೀರ ತೊಟ್ಟಿ, ಸೋಸುವ ಚೀಲ ಬೇಡ. ಎಲ್ಲವೂ ಒಂದು ಬುಟ್ಟಿಯಲ್ಲಿ ಹಿಡಿಸಿದರೆ ದು ಲಾನ್ ಕೂಡ ಬೇಡ. ಆದರೆ ನಗರದೊಳಗೆ, ರಾಜಪ್ರಭುಗಳ ಬಾಗಿಲಲ್ಲಿ, ಇಪ್ಪತ್ತನಾಲ್ಕರಲ್ಲಿ ಒಂದು ಕಡಮೆಯಾದರೂ ಚಹಾ ಕೆಟ್ಟಿತೆಂದೇ ತಿಳಿಯಬೇಕು. ಸೂಕ್ಷ್ಮವಾಗಿ ನೋಡಿದರೆ ಇದು ವಸ್ತುಮೋಹವಲ್ಲ, ವಸ್ತುವಿವೇಕ. ಬಡವನಿಗೆ ವಿನಾಯಿತಿ, ಸಿರಿವಂತನಿಗೆ ನಿಯಮ. ಉಳ್ಳವನು ಅಚ್ಚುಕಟ್ಟನ್ನು ಬಿಡಬಾರದು. ಇಲ್ಲದವನಿಗೆ ಬಂಡೆಯೇ ಪೀಠ, ಹೊಳೆಯೇ ಭಾಂಡ. ದನದ ಬೆನ್ನನ್ನೇ ಹಲಗೆ ಮಾಡಿಕೊಂಡಿದ್ದವನಿಂದಲ್ಲದೆ ಬೇರೆ ಯಾರಿಂದ ಈ ಮಾತು ಬಂದೀತು?

ಶಾಸ್ತ್ರವು ಪ್ರಚಾರವಾದಂತೆ ಲು ಯುವಿನ ಕೀರ್ತಿಯು ನಾಡಿನಲ್ಲೆಲ್ಲ ಹಬ್ಬಿತು. ಆತನ ಕಾಲಕ್ಕೆ ಸಮೀಪದವನಾದ ಫೆಂಗ್ ಯಾನ್ ಎಂಬ ಲೇಖಕನ ಹೇಳಿಕೆಯಂತೆ, ದೂರದವರೂ ಹತ್ತಿರದವರೂ ಇಪ್ಪತ್ತನಾಲ್ಕು ಉಪಕರಣಗಳಿಗೂ ಅವನ್ನಿಡುವ ಬುಟ್ಟಿಗೂ ಮನಸೋತು, ಅಭಿರುಚಿಯುಳ್ಳವರು ಮನೆಗೊಂದು ಜೊತೆಯನ್ನು ಸಂಗ್ರಹಿಸಿಟ್ಟರು. ಪಾತ್ರೆಗಳಿಗೆ ಸ್ಥಾನ ದೊರೆಯಿತು. ಪಾತ್ರೆಗಳನ್ನು ರೂಪಿಸಿದವನಿಗೆ ದೊರೆಯಿತೆ? ಅದನ್ನೂ ಫೆಂಗ್ ಯಾನನೇ ಹೇಳಿದ್ದಾನೆ.

ಲಿ ಜಿಚಿಂಗ್ ಎಂಬ ರಾಜಪ್ರತಿನಿಧಿಯು ದಕ್ಷಿಣದ ಪ್ರಾಂತಗಳಿಗೆ ಬಂದನು. ಚಾಂಗ್ ಬೊಷಿಯೊಂಗ್ ಎಂಬವನು ಲು ಯುವಿನ ವಿಧಾನವನ್ನೇ ವಿಸ್ತರಿಸಿ ಪ್ರಸಿದ್ಧನಾಗಿದ್ದನು. ಅವನು ಹಳದಿ ನಿಲುವಂಗಿ ತೊಟ್ಟು, ಕಪ್ಪು ಟೋಪಿಯಿಟ್ಟು, ಉಪಕರಣಗಳನ್ನು ಕೈಯಲ್ಲಿ ಹಿಡಿದು, ಒಂದೊಂದರ ಹೆಸರು ಹೇಳುತ್ತ ಚಹಾ ಮಾಡಿಕೊಟ್ಟನು. ಪ್ರತಿನಿಧಿಯು ಮೆಚ್ಚಿ ಎರಡು ಬಟ್ಟಲು ಕುಡಿದನು. ಆ ಮೇಲೆ ಮೂಲಪುರುಷನಾದ ಲು ಯುವನ್ನೇ ಕರೆಸಿದರು. ಆತನು ಹಳ್ಳಿಗನ ಉಡುಪಿನಲ್ಲಿ ತನ್ನ ಉಪಕರಣಗಳನ್ನು ತಂದು, ಕುಳಿತು, ಅದೇ ವಿಧಿಯಿಂದ ಚಹಾ ಮಾಡಿದನು. ಪ್ರತಿನಿಧಿಯ ಮನಸ್ಸಿನಲ್ಲಿ ತಿರಸ್ಕಾರ ಹುಟ್ಟಿತು. ಚಹಾ ಮುಗಿದೊಡನೆ ಆಳನ್ನು ಕರೆದು, ಚಹಾ ಕಾಸುವವನಿಗೆ ಮೂವತ್ತು ಕಾಸು ಕೊಟ್ಟು ಕಳಿಸುವಂತೆ ಹೇಳಿದನು. ನಾಡಿನ ಶ್ರೇಷ್ಠ ವಿದ್ವಾಂಸರ ಜೊತೆ ಸರಿಸಮವಾಗಿ ಕುಳಿತಿದ್ದ ಲು ಯುವು ನಾಚಿಕೆಯಿಂದ ಕುಗ್ಗಿಹೋದನು. ಚಹಾವನ್ನೇ ಹಳಿಯುವ ಪ್ರಬಂಧವೊಂದನ್ನು ಬರೆದನಂತೆ. ಆ ಪ್ರಬಂಧವು ಉಳಿದುಬಂದಿಲ್ಲ. ಕೋಪದ ಬರಹ ಅಳಿದು ಪ್ರೀತಿಯ ಬರಹ ಉಳಿದದ್ದು ಲೋಕದ ಪುಣ್ಯ.

ಇಲ್ಲಿ ನಿಂತು ಒಂದು ಕ್ಷಣ ವಿಚಾರ ಮಾಡಬೇಕು. ಲು ಯುವಿನ ಬಾಳಿನಲ್ಲಿ ಅಧಿಕಾರಿಗಳ ಕೈಯಿಂದ ಬಂದ ದಾನಗಳು ಮುಖ್ಯವಾಗಿ ಮೂರು. ಒಬ್ಬನು ಎದ್ದು ಬಂದು ತನ್ನ ಕೈಯಿಂದ ಪುಸ್ತಕ ಕೊಟ್ಟನು. ಇನ್ನೊಬ್ಬನು ತನಗೆ ಪ್ರಿಯವಾದ ಪೆಟ್ಟಿಗೆಯನ್ನು ಕೊಟ್ಟನು. ಮೂರನೆಯವನು ಕುಳಿತಲ್ಲಿಂದಲೇ ಆಳಿನ ಕೈಯಿಂದ ಕಾಸು ಕೊಡಿಸಿದನು. ಮೊದಲಿನ ಇಬ್ಬರೂ ಪದವಿ ಕಳೆದುಕೊಂಡು ದೂರದ ಊರಿಗೆ ತಳ್ಳಲ್ಪಟ್ಟವರು. ಮೂರನೆಯವನು ಅಧಿಕಾರದ ಶಿಖರದಲ್ಲಿದ್ದವನು. ಕೊಡುವ ವಸ್ತುವಿನ ಬೆಲೆಯಿಂದ ದಾನ ದೊಡ್ಡದಾಗುವುದಿಲ್ಲ, ಕೊಳ್ಳುವವನನ್ನು ಎಂತಹ ಪಾತ್ರನೆಂದು ಬಗೆದು ಕೊಟ್ಟೆವೆಂಬುದರಿಂದ ದೊಡ್ಡದಾಗುತ್ತದೆ. ಮೊದಲ ಎರಡು ದಾನಗಳು ಒಬ್ಬ ನಟನನ್ನು ಶಾಸ್ತ್ರಕಾರನನ್ನಾಗಿ ಮಾಡಿದವು. ಮೂರನೆಯದು ಶಾಸ್ತ್ರಕಾರನ ಕೈಯಿಂದಲೇ ತನ್ನ ಶಾಸ್ತ್ರವನ್ನು ಹಳಿಯಿಸಿತು.

ಈ ಅವಮಾನದಿಂದ ಆತನ ಬಾಳು ಕುಸಿಯಲಿಲ್ಲ. ೭೭೩ರಲ್ಲಿ ಮಹಾಲಿಪಿಕಾರನೂ ಸ್ವಾಮಿನಿಷ್ಠನೂ ಆದ ಯಾನ್ ಜೆನ್‌ಚಿಂಗ್ ಎಂಬವನು ಹುಜೌ ಮಂಡಲಕ್ಕೆ ಅಧಿಪತಿಯಾಗಿ ಬಂದನು. ತಾನು ಸಿದ್ಧಪಡಿಸುತ್ತಿದ್ದ ಬೃಹತ್ತಾದ ಶಬ್ದಕೋಶದ ಕೆಲಸಕ್ಕೆ ಆತನು ಲು ಯುವನ್ನೂ ಜಿಯಾವೊರಾನನನ್ನೂ ಸೇರಿಸಿಕೊಂಡನು. ಅಕ್ಷರ ತಿಳಿಯದೆ ಬರಿದೆ ತುಟಿಯಾಡಿಸಿದ್ದ ದನಗಾಹಿಯು ಸಮಸ್ತ ಅಕ್ಷರಗಳ ಕೋಶಕ್ಕೆ ಕೈ ಹಚ್ಚಿದನು. ಅದೇ ವರ್ಷ ಜುಷಾನ್ ಬೆಟ್ಟದ ಮೇಲೆ ಲು ಯುವಿನ ಆಲೋಚನೆಯಂತೆ ಒಂದು ಮಂಟಪವೂ ಕಟ್ಟಲ್ಪಟ್ಟಿತು. ಯುವರಾಜನ ವಿದ್ಯಾಧಿಕಾರಿಯ ಪದವಿಯೂ, ರಾಜ್ಯದ ಪೂಜಾವಿಧಿಗಳ ಇಲಾಖೆಯಲ್ಲಿ ಇನ್ನೊಂದು ಪದವಿಯೂ ಅರಮನೆಯಿಂದ ಬಂದವು. ಆತನು ಎರಡನ್ನೂ ಸ್ವೀಕರಿಸಲು ಹೋಗಲಿಲ್ಲ.

ಬಾಲ್ಯದ ಗುರುವನ್ನು ಆತನು ಮರೆತಿರಲಿಲ್ಲ. ಒಂದು ಐತಿಹ್ಯವುಂಟು. ಝಿಜಿಯು ಲು ಯುವಿನ ಕೈಯ ಚಹಾ ಹೊರತು ಬೇರೆಯವರ ಚಹಾವನ್ನು ಮೆಚ್ಚುತ್ತಿರಲಿಲ್ಲ. ಚಕ್ರವರ್ತಿಯು ಆ ವೃದ್ಧ ಗುರುವನ್ನು ಅರಮನೆಗೆ ಕರೆಸಿ, ಪರೀಕ್ಷಿಸಲೆಂದು ನಿಪುಣರಿಂದ ಚಹಾ ಮಾಡಿಸಿ ಕೊಟ್ಟಾಗ ಆತನು ಒಂದು ಗುಟುಕು ಕುಡಿದು ಬಟ್ಟಲನ್ನು ಕೆಳಗಿಟ್ಟನು. ಮರೆಯಲ್ಲಿ ಲು ಯುವಿನಿಂದ ಮಾಡಿಸಿ ಕೊಟ್ಟಾಗ ಕಡೆಯ ಹನಿಯವರೆಗೆ ಕುಡಿದು, ಇದು ತನ್ನ ಹುಡುಗನ ಕೈಯ ರುಚಿಯಂತಿದೆ ಎಂದು ಗುರುತಿಸಿದನಂತೆ. ಐತಿಹ್ಯವನ್ನು ನಂಬಲೂಬಹುದು, ಬಿಡಲೂಬಹುದು. ಆದರೆ ಗುರುವು ತೀರಿಕೊಂಡ ಸುದ್ದಿ ದೂರದಲ್ಲಿದ್ದ ಲು ಯುವಿಗೆ ಮುಟ್ಟಿದಾಗ ಆತನು ಬಹುವಾಗಿ ಅತ್ತು, ಆ ದುಃಖವನ್ನು ಕವಿತೆಯಾಗಿ ಬರೆದನೆಂಬುದನ್ನು ಮುಂದಿನ ತಲೆಮಾರಿನ ಲೇಖಕರು ದಾಖಲಿಸಿದ್ದಾರೆ. ಬೆತ್ತದ ನೆನಪು ಅಳಿದಿತ್ತು; ದಡದಿಂದ ಎತ್ತಿಕೊಂಡ ಕೈಯ ನೆನಪು ಉಳಿದಿತ್ತು.

೮೦೪ರಲ್ಲಿ ಲು ಯು ಕಾಲವಾದನು. ಆತನ ಮರಣಾನಂತರದ ಒಂದು ವಿಚಿತ್ರವನ್ನು ಹೇಳಲೇಬೇಕು. ಗೊಂಗ್ ಎಂಬ ಊರಿನ ಕುಂಬಾರರು ಪಿಂಗಾಣಿಯಲ್ಲಿ ಆತನ ಪುಟ್ಟ ಬೊಂಬೆಗಳನ್ನು ಮಾಡಿ, ಚಹಾ ಪಾತ್ರೆಗಳನ್ನು ಹೆಚ್ಚಾಗಿ ಕೊಂಡವರಿಗೆ ಒಂದೊಂದನ್ನು ಜೊತೆಗೆ ಕೊಡುತ್ತಿದ್ದರು. ಚಹಾ ವ್ಯಾಪಾರಿಗಳು ಅದನ್ನು ಅಂಗಡಿಯಲ್ಲಿಡುತ್ತಿದ್ದರು. ವ್ಯಾಪಾರ ಕುದುರದ ದಿನ ಬೊಂಬೆಯ ತಲೆಯ ಮೇಲೆಯೇ ನೀರು ಸುರಿಯುತ್ತಿದ್ದರು! ಬೊಂಬೆಯಾಡಿಸಿದವನು ತಾನೇ ಬೊಂಬೆಯಾದನು. ಇದನ್ನು ಕಂಡಿದ್ದರೆ ಆ ಹಳೆಯ ವಿದೂಷಕನು ಎಲ್ಲರಿಗಿಂತ ಮೊದಲು ನಗುತ್ತಿದ್ದನೆಂದು ತೋರುತ್ತದೆ.

ಲು ಯುವಿನ ಕೈಯ ಪೆಟ್ಟಿಗೆ ಇಂದು ನಮಗೆ ದೊರೆಯದು. ಆದರೆ ಆತನು ಹಾಕಿದ ಪದ್ಧತಿ ಬೆಳೆಯುತ್ತ ಬಂದಿತು. ೧೯೮೭ರಲ್ಲಿ ಶಾನ್‌ಷಿ ಪ್ರಾಂತದ ಫಾಮೆನ್ ದೇವಾಲಯದ ಸ್ತೂಪದಡಿಯ ನೆಲಮನೆ ತೆರೆದಾಗ, ೮೭೪ರಲ್ಲಿ ಮುಚ್ಚಿಟ್ಟಿದ್ದ ಚಕ್ರವರ್ತಿಯ ಬೆಳ್ಳಿಯ ಚಹಾ ಉಪಕರಣಗಳು ಹೊರಬಂದವು. ಚಹಾ ಅರೆಯುವ ಸಾಧನವೂ, ಜರಡಿಯ ಪೆಟ್ಟಿಗೆಯೂ ಲು ಯುವಿನ ವರ್ಣನೆಗೆ ಸಾಕ್ಷಿ ನುಡಿದವು. ಅಲ್ಲಿಯೇ ದೊರೆತ ಅಪೂರ್ವವಾದ ಹಸುರು ಪಿಂಗಾಣಿಗಳನ್ನು ಮೆರುಗೆಣ್ಣೆಯ ಮರದ ಪೆಟ್ಟಿಗೆಯೊಂದರಲ್ಲಿ ಇರಿಸಲಾಗಿತ್ತು. ೧೨೬೯ರಲ್ಲಿ ಒಬ್ಬ ರಸಿಕನು ಹನ್ನೆರಡು ಚಹಾ ಉಪಕರಣಗಳಿಗೆ ರಾಜಾಧಿಕಾರಿಗಳ ಬಿರುದುಗಳನ್ನಿತ್ತು ಚಿತ್ರ ಸಹಿತ ಪುಸ್ತಕ ಬರೆದನು. ಬಟ್ಟಲನ್ನು ಹೊರುವ ಮೆರುಗಿನ ಪೀಠಕ್ಕೂ ಅದರಲ್ಲಿ ಒಂದು ಬಿರುದು ದೊರೆಯಿತು. ೧೩೯೧ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿಯು ಬಿಲ್ಲೆ ಚಹಾದ ಕಪ್ಪವನ್ನು ನಿಲ್ಲಿಸಿದ ಮೇಲೆ ಎಲೆ ಚಹಾವೇ ರೂಢಿಯಾಗಿ, ಅರೆಯುವ ಗಾಲಿ ಮರೆಯಾಗಿ, ಚಹಾ ಗಿಂಡಿ ಬಂದಿತು. ಪೆಟ್ಟಿಗೆಯೂ ಅದಕ್ಕೆ ತಕ್ಕಂತೆ ರೂಪ ಬದಲಿಸಿತು. ಗಿಂಡಿ ಬಟ್ಟಲುಗಳಿಗೆ ಬೇರೆ ಬೇರೆ ಮನೆಗಳು, ಬಿಸಿ ಆರದಂತೆ ಒಳಗೆ ಹತ್ತಿಯ ಮೆತ್ತೆ, ಹಿಡಿದೊಯ್ಯಲು ಮೇಲೊಂದು ಹಿಡಿ. ಹದಿನೆಂಟನೆಯ ಶತಮಾನದ ಚಿಯೆನ್‌ಲುಂಗ್ ಚಕ್ರವರ್ತಿಯು ಸಂಚಾರ ಹೊರಟ ಕಡೆಗೆಲ್ಲ ಕೊಂಡೊಯ್ಯಲು ಬಿದಿರಿನಿಂದಲೂ ಬೆಲೆಬಾಳುವ ಮರದಿಂದಲೂ ಮಾಡಿಸಿದ ಚಹಾ ಪೆಟ್ಟಿಗೆಗಳು ಬೀಜಿಂಗ್ ಅರಮನೆಯ ವಸ್ತುಸಂಗ್ರಹಾಲಯದಲ್ಲಿವೆ. ಚೀನಾದ ಹಳೆಯ ಮೆರುಗಿನ ಪೆಟ್ಟಿಗೆಗಳನ್ನು ಪ್ರಾಚ್ಯವಸ್ತುಪ್ರಿಯರು ಆದರದಿಂದ ಸಂಗ್ರಹಿಸುತ್ತಾರೆ. ಅಂತಹ ಪೆಟ್ಟಿಗೆಯ ಮುಚ್ಚಳ ತೆರೆದವರಿಗೆ ಕಾಣುವುದು ಖಾಲಿಯಾದ ಚಿಕ್ಕ ಚಿಕ್ಕ ಮನೆಗಳು: ಇದು ಗಿಂಡಿಯದು, ಇದು ಬಟ್ಟಲಿನದು. ವಸ್ತು ಕಳೆದುಹೋದರೂ ಅದರ ಸ್ಥಾನ ಉಳಿದಿರುತ್ತದೆ.

ಪ್ರತಿಯೊಂದು ಪಾತ್ರೆಗೂ ಅದರದೇ ಆದ ನೆಲೆಯಿರಬೇಕು, ಒಂದು ಕಡಮೆಯಾದರೂ ಕೊರತೆಯೆಂದೇ ಎಣಿಸಬೇಕು ಎಂದು ವಿಧಿಸಿದವನು ಲೋಕದಲ್ಲಿ ತನಗೊಂದು ನೆಲೆಯಿಲ್ಲದೆ ದಡದಲ್ಲಿ ಬಿದ್ದಿದ್ದ ಕೂಸು. ಅವನನ್ನು ಎತ್ತಿಕೊಂಡವನೊಬ್ಬ, ಬೆನ್ನು ತಟ್ಟಿದವನೊಬ್ಬ, ಪೆಟ್ಟಿಗೆ ಕೊಟ್ಟವನೊಬ್ಬ. ಈ ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಚಹಾಶಾಸ್ತ್ರವು ಹುಟ್ಟುತ್ತಿರಲಿಲ್ಲ. ತರಗತಿಯ ಹಿಂದಿನ ಸಾಲಿನಲ್ಲಿ ಅರ್ಥವಾಗದ ಪುಸ್ತಕವನ್ನು ಬಿಚ್ಚಿಟ್ಟು ತುಟಿಯಾಡಿಸುತ್ತಿರುವ ಹುಡುಗನು ಇಂದಿಗೂ ಇದ್ದಾನೆ. ಅವನು ಸೋಮಾರಿಯೋ ದಾಹಿಯೋ ಎಂದು ಗುರುತಿಸುವುದು ಶಿಕ್ಷಕನ ಕಣ್ಣಿಗೆ ಸೇರಿದ್ದು. ಅವನಿಗೆ ಕೊಡುವ ಕೈ ಯಾವ ಬಗೆಯದಾಗಿರಬೇಕೆಂಬುದು ದಾನಿಯ ಹೃದಯಕ್ಕೆ ಸೇರಿದ್ದು. ನಾಳೆ ಬೆಳಗ್ಗೆ ಚಹಾದ ಬಟ್ಟಲನ್ನು ತುಟಿಗೆ ಮುಟ್ಟಿಸುವಾಗ ಆ ಹುಡುಗನ ನೆನಪಾದರೆ ಈ ಲೇಖನದ ಶ್ರಮ ಸಾರ್ಥಕವಾಯಿತು.